ನಮ್ಮ ಮಕ್ಕಳ ಪ್ರಶ್ನೆಗೆ ನಮ್ಮ ಮನೆಯಲ್ಲಿ ಜಾಗವಿದೆಯೇ?

(ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ಭಾಗದ ಪದವಿ ವಿದ್ಯಾರ್ಥಿಗಳು ಹಾಗೂ ಹೆತ್ತವರ ಸಭೆಯಲ್ಲಿ ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕರೊಬ್ಬರು ಮಾಡಿದ ಭಾಷಣದ ಬರಹರೂಪ)



ನಾನು ಉಪನ್ಯಾಸಕನಾಗಿದ್ದ ಕಾಲದ ಒಂದು ನೋಟ್ ಪುಸ್ತಕದಿಂದ ಮಾತು ಆರಂಭಿಸುತ್ತೇನೆ. ಅದು ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದ ಒಬ್ಬ ಹೆಣ್ಣುಮಗಳದ್ದು. ಆಕೆಯ ಮನೆ ಅಳಿವೆಯ ಬಳಿ, ತಂದೆಗೆ ಮೀನಿನ ವ್ಯಾಪಾರ. ಒಂದು ದಿನ ಆಕೆ ಪ್ರಯೋಗಾಲಯಕ್ಕೆ ಬಂದು, “ಸರ್, ನಮ್ಮ ಬಾವಿಯ ನೀರು ಬೇಸಿಗೆಯಲ್ಲಿ ಉಪ್ಪಾಗುತ್ತದೆ. ಆದರೆ ಐವತ್ತು ಹೆಜ್ಜೆ ದೂರದ ಪಕ್ಕದ ಮನೆಯ ಬಾವಿ ಉಪ್ಪಾಗುವುದಿಲ್ಲ. ಯಾಕೆ?” ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. “ನೀನೇ ಕಂಡುಹಿಡಿ” ಎಂದೆ.

ಆಕೆ ಆರು ಬಾವಿಗಳನ್ನು ಆರಿಸಿಕೊಂಡಳು. ಹದಿನೈದು ದಿನಕ್ಕೊಮ್ಮೆ ಬಾಟಲಿಗಳಲ್ಲಿ ನೀರು ತಂದು ಪರೀಕ್ಷಿಸಿದಳು. ಪುಸ್ತಕದಲ್ಲಿ ಗೆರೆ ಎಳೆದು ತಿಂಗಳುಗಳ ಹೆಸರು ಬರೆದಳು. ಡಿಸೆಂಬರ್, ಜನವರಿ, ಫೆಬ್ರವರಿ ತುಂಬಿದವು. ಅಷ್ಟರಲ್ಲಿ ಮನೆಯಲ್ಲಿ ಮದುವೆಯ ಮಾತುಕತೆ ನಡೆಯಿತು. ಬಾಟಲಿ ಹಿಡಿದುಕೊಂಡು ಮನೆಮನೆ ಸುತ್ತುವುದು ಇನ್ನು ಚೆನ್ನಾಗಿರುವುದಿಲ್ಲ ಎಂದು ಹಿರಿಯರಿಗೆ ಕಂಡಿತು. ಆಕೆ ಪರೀಕ್ಷೆ ಬರೆದಳು, ಉತ್ತಮ ಅಂಕದಲ್ಲಿ ತೇರ್ಗಡೆಯೂ ಆದಳು. ಆದರೆ ಪುಸ್ತಕದಲ್ಲಿ ಮಾರ್ಚ್, ಎಪ್ರಿಲ್, ಮೇ ತಿಂಗಳ ಮೂರು ಕಾಲಮುಗಳು ಖಾಲಿ ಉಳಿದವು. ಬಾವಿಗಳು ಉಪ್ಪಾಗುವುದು ಸರಿಯಾಗಿ ಆ ಮೂರು ತಿಂಗಳಲ್ಲಿಯೇ.

ತಪ್ಪು ಯಾರದ್ದು? ಮನೆಯವರದ್ದು ಎಂದು ಹೇಳಿ ನಾನು ಕೈತೊಳೆದುಕೊಳ್ಳಬಹುದು. ಆದರೆ ಆ ತಂದೆಯನ್ನು ಹೋಗಿ ಕಂಡು ಎರಡು ಮಾತು ಆಡುವ ಕೆಲಸವನ್ನು ನಾನೂ ಮಾಡಲಿಲ್ಲ. ಆಕೆಯ ತಮ್ಮನ ಕೈಯಲ್ಲಿ ಬಾಟಲಿ ತರಿಸಿಕೊಳ್ಳಬಹುದಿತ್ತು, ಅದೂ ಹೊಳೆಯಲಿಲ್ಲ. ಅಂಕ ಬಂತಲ್ಲ, ಸಾಕು ಎಂದುಕೊಂಡೆ. ಇಂದು ನಾನು ಇಲ್ಲಿ ನಿಂತಿರುವುದು ಆ ಮೂರು ಖಾಲಿ ಕಾಲಮುಗಳ ಬಗ್ಗೆ ಮಾತನಾಡಲಿಕ್ಕಾಗಿ.

ಸಂಶೋಧನೆ ಎಂದೊಡನೆ ನಮ್ಮ ಕಣ್ಣಮುಂದೆ ಬರುವುದು ಬಿಳಿ ಕೋಟು, ದೊಡ್ಡ ನಗರ, ವಿದೇಶದ ವಿಶ್ವವಿದ್ಯಾನಿಲಯ ಮತ್ತು ಹೆಸರಿನ ಹಿಂದೆ ‘ಡಾಕ್ಟರ್’ ಎಂಬ ಪದವಿ. ಹತ್ತೊಂಬತ್ತು, ಇಪ್ಪತ್ತು ವರ್ಷದ ಮಕ್ಕಳಿಗೂ ಅದಕ್ಕೂ ಸಂಬಂಧವಿಲ್ಲ ಎಂದೇ ನಾವು ತಿಳಿದಿದ್ದೇವೆ. ಪದವಿ ಎಂದರೆ ಪಾಠ ಕೇಳುವುದು, ಬರೆದುಕೊಳ್ಳುವುದು, ಬಾಯಿಪಾಠ ಮಾಡುವುದು, ಪರೀಕ್ಷೆಯಲ್ಲಿ ಇಳಿಸುವುದು. ನಂತರ ಗಲ್ಫ್‌ಗೋ ಬೆಂಗಳೂರಿಗೋ ಅರ್ಜಿ ಅಥವಾ ಮದುವೆ. ಈ ನಡುವೆ ಆ ಹುಡುಗ ಅಥವಾ ಹುಡುಗಿ ತನ್ನದೇ ಆದ ಒಂದು ಪ್ರಶ್ನೆಯನ್ನು ಕೇಳಿದ್ದುಂಟೇ ಎಂದು ನಾವು ಯಾರೂ ವಿಚಾರಿಸುವುದಿಲ್ಲ.

ಆದರೆ ಜಗತ್ತಿನಲ್ಲಿ ಈ ಅಭಿಪ್ರಾಯ ಬದಲಾಗಿ ಬಹಳ ಕಾಲವಾಯಿತು. ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ 1969ರಲ್ಲಿ ಮಾರ್ಗರೆಟ್ ಮೆಕ್‌ವಿಕರ್ ಎಂಬ ಮಹಿಳೆ ಪದವಿ ವಿದ್ಯಾರ್ಥಿಗಳಿಗಾಗಿಯೇ ಒಂದು ಸಂಶೋಧನಾ ಕಾರ್ಯಕ್ರಮ ಆರಂಭಿಸಿದರು. ಪ್ರಾಧ್ಯಾಪಕರ ಜೊತೆ ವಿದ್ಯಾರ್ಥಿಯೂ ಕಿರಿಯ ಸಹೋದ್ಯೋಗಿಯಂತೆ ಕೆಲಸ ಮಾಡಬೇಕೆಂಬುದು ಅದರ ಉದ್ದೇಶ. ಆ ಮಾದರಿ ಮುಂದೆ ಬೇರೆ ವಿಶ್ವವಿದ್ಯಾನಿಲಯಗಳಿಗೂ ಹರಡಿತು. ನಮ್ಮ ದೇಶದಲ್ಲೂ ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯು ಇತರ ಎರಡು ರಾಷ್ಟ್ರೀಯ ಅಕಾಡೆಮಿಗಳ ಜೊತೆ ಸೇರಿ ಬೇಸಿಗೆ ಸಂಶೋಧನಾ ಫೆಲೋಶಿಪ್ ನಡೆಸಿಕೊಂಡು ಬಂದಿದೆ. ವಿಜ್ಞಾನ ಓದುವ ಪದವಿ ವಿದ್ಯಾರ್ಥಿಯೊಬ್ಬ ಎರಡು ತಿಂಗಳು ವಿಜ್ಞಾನಿಯೊಬ್ಬರ ಬಳಿ ಕೆಲಸ ಕಲಿಯುವ ಅವಕಾಶ ಅದು. ನಮ್ಮ ಮೂರು ತಾಲೂಕುಗಳ ಎಷ್ಟು ಮನೆಗಳಿಗೆ ಈ ವಿಷಯ ಗೊತ್ತು?

ಇನ್ನು ನನ್ನದೇ ಒಂದು ತಪ್ಪನ್ನು ಹೇಳುತ್ತೇನೆ. ನಾನು ಪದವಿ ಓದುತ್ತಿದ್ದಾಗ ಪ್ರಯೋಗಾಲಯದಲ್ಲಿ ‘ಬರಬೇಕಾದ ಉತ್ತರ’ ನಮಗೆ ಮೊದಲೇ ಗೊತ್ತಿರುತ್ತಿತ್ತು. ಹಿಂದಿನ ವರ್ಷದವರ ರೆಕಾರ್ಡ್ ಪುಸ್ತಕ ಕೈಯಿಂದ ಕೈಗೆ ಬರುತ್ತಿತ್ತು. ಒಂದು ಬಾರಿ ಬ್ಯೂರೆಟ್ಟಿನಲ್ಲಿ ನನಗೆ ಕಂಡ ಅಂಕೆ ಬೇರೆ ಇತ್ತು. ಅದನ್ನು ಅಳಿಸಿ ‘ಸರಿಯಾದ’ ಅಂಕೆ ಬರೆದೆ, ಪೂರ್ಣ ಅಂಕ ಸಿಕ್ಕಿತು. ನಂತರ ತಿಳಿದುಬಂದ ವಿಷಯವೆಂದರೆ ಆ ದಿನ ದ್ರಾವಣವನ್ನು ತಯಾರಿಸಿದ್ದೇ ಬೇರೆ ಪ್ರಮಾಣದಲ್ಲಿ. ನನ್ನ ಕಣ್ಣಿಗೆ ಕಂಡದ್ದು ಸತ್ಯವಾಗಿತ್ತು, ನಾನು ಬರೆದದ್ದು ಸುಳ್ಳಾಗಿತ್ತು. ಆ ಸುಳ್ಳಿಗೆ ಬಹುಮಾನ ದೊರಕಿತು.

ಇಂದು ಈ ರೋಗ ಇನ್ನಷ್ಟು ಮುಂದುವರಿದಿದೆ. ಕೊನೆಯ ಸೆಮಿಸ್ಟರ್‌ನ ಪ್ರಾಜೆಕ್ಟ್ ವರದಿ ಹಣಕ್ಕೆ ಸಿಗುತ್ತದೆ. ಹೆಸರು ಮತ್ತು ರಿಜಿಸ್ಟರ್ ಸಂಖ್ಯೆ ಬದಲಿಸಿ ಬೈಂಡ್ ಮಾಡಿಸಿದರೆ ಮುಗಿಯಿತು. ಈಗಂತೂ ಕಂಪ್ಯೂಟರಿಗೆ ಒಂದು ಸಾಲಿನ ಅಪ್ಪಣೆ ಕೊಟ್ಟರೆ ಐವತ್ತು ಪುಟ ಸಿದ್ಧ. ಅದರಲ್ಲಿ ಎಲ್ಲವೂ ಇರುತ್ತದೆ, ವಿದ್ಯಾರ್ಥಿಯೊಬ್ಬ ಇರುವುದಿಲ್ಲ. ವ್ಯಾಪಾರದಲ್ಲಿ ತೂಕ ಮೋಸ ಮಾಡಬಾರದು ಎಂದು ಮಕ್ಕಳಿಗೆ ಕಲಿಸುವ ನಾವು, ಮಗ ಕೊಂಡು ತಂದ ವರದಿಯನ್ನು ಕಂಡೂ ಸುಮ್ಮನಿರುತ್ತೇವೆ. ಇದು ತೂಕ ಮೋಸವಲ್ಲವೇ?

ಹಾಗಾದರೆ ಪದವಿ ವಿದ್ಯಾರ್ಥಿಯ ಸಂಶೋಧನೆ ಎಂದರೇನು? ಉತ್ತರ ಗೊತ್ತಿಲ್ಲದ ಒಂದು ಪ್ರಶ್ನೆ, ಅದನ್ನು ಹುಡುಕುವ ಒಂದು ಕ್ರಮ, ಕಂಡದ್ದನ್ನು ಕಂಡಂತೆ ಬರೆಯುವ ಪ್ರಾಮಾಣಿಕತೆ. ಇಷ್ಟೇ. ಇದಕ್ಕೆ ಕೋಟಿ ರೂಪಾಯಿಯ ಯಂತ್ರ ಬೇಕಿಲ್ಲ.

ಆ ಹೆಣ್ಣುಮಗಳ ಬಾವಿಗೇ ಮರಳೋಣ. ಸೌಪರ್ಣಿಕಾ, ವಾರಾಹಿ, ಚಕ್ರಾ, ಕೇದಕ, ಕುಬ್ಜಾ ಎಂಬ ಐದು ಹೊಳೆಗಳು ಕೂಡಿ ಪಂಚಗಂಗಾವಳಿಯಾಗಿ ಗಂಗೊಳ್ಳಿಯ ಬಳಿ ಕಡಲು ಸೇರುತ್ತವೆ. ಮಳೆಗಾಲದಲ್ಲಿ ಸಿಹಿನೀರು ಕಡಲನ್ನು ಹೊರಗೆ ದೂಡುತ್ತದೆ. ಬೇಸಿಗೆಯಲ್ಲಿ ಹೊಳೆ ಸೊರಗಿದಾಗ ಉಬ್ಬರದ ನೀರು ಒಳಗೆ ಬರುತ್ತದೆ. ನೆಲದಡಿಯಲ್ಲೂ ಹೀಗೆಯೇ. ಸಿಹಿನೀರು ಹಗುರ, ಉಪ್ಪುನೀರು ಭಾರ. ಆದ್ದರಿಂದ ಮರಳು ನೆಲದಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಕಡಲ ಮಟ್ಟಕ್ಕಿಂತ ಒಂದು ಅಡಿ ಎತ್ತರಕ್ಕೆ ಸಿಹಿನೀರು ನಿಂತಿದ್ದರೆ, ಕಡಲ ಮಟ್ಟದ ಕೆಳಗೆ ಸುಮಾರು ನಲವತ್ತು ಅಡಿಯವರೆಗೆ ಅದು ಉಪ್ಪನ್ನು ತಡೆದು ನಿಲ್ಲಿಸಬಲ್ಲದು ಎಂಬುದು ವಿಜ್ಞಾನದ ಲೆಕ್ಕ. ಹಾಗಾಗಿ ಪಂಪು ಹಾಕಿ ಮೇಲಿನ ಒಂದು ಅಡಿಯನ್ನು ಎಳೆದು ತೆಗೆದರೆ, ಕೆಳಗಿನಿಂದ ಉಪ್ಪು ಎಷ್ಟು ಮೇಲೇರಬಹುದು ಎಂದು ಊಹಿಸಿಕೊಳ್ಳಿ.

ಈಗ ಪ್ರಯೋಗಾಲಯದ ಲೆಕ್ಕ. ಕಡಲ ನೀರಿನ ಒಂದು ಲೀಟರಿನಲ್ಲಿ ಸುಮಾರು 19,000 ಮಿಲಿಗ್ರಾಂ ಕ್ಲೋರೈಡ್ ಇರುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 250 ಮಿಲಿಗ್ರಾಂ ಮೀರಬಾರದು ಎಂಬುದು ಭಾರತೀಯ ಮಾನಕ. ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 1,000ದವರೆಗೆ ಸಹಿಸಬಹುದು. ಅಂದರೆ 98 ಕೊಡ ಸಿಹಿನೀರಿಗೆ ಎರಡೇ ಕೊಡ ಕಡಲ ನೀರು ಬೆರೆತರೂ ಸುಮಾರು 380 ಮಿಲಿಗ್ರಾಂ ಆಗಿ ಮಿತಿ ದಾಟಿತು. ಇದನ್ನು ಅಳೆಯುವುದು ಕಷ್ಟವೇ? ಇಲ್ಲ. ಸಿಲ್ವರ್ ನೈಟ್ರೇಟ್ ದ್ರಾವಣವನ್ನು ಹನಿಹನಿಯಾಗಿ ಬಿಡುತ್ತಾ, ಹಳದಿ ಬಣ್ಣ ಇಟ್ಟಿಗೆಯ ಕೆಂಪಿಗೆ ತಿರುಗುವ ಕ್ಷಣವನ್ನು ಗುರುತಿಸುವ ಪ್ರಯೋಗ ರಸಾಯನಶಾಸ್ತ್ರದ ವಿದ್ಯಾರ್ಥಿಗಳಿಗೆ ಚಿರಪರಿಚಿತ. ಅದೇ ಬ್ಯೂರೆಟ್ಟನ್ನು ತನ್ನ ಮನೆಯ ಬಾವಿಯ ನೀರಿನತ್ತ ತಿರುಗಿಸಿದರೆ ಅದು ಸಂಶೋಧನೆ.

ಇಲ್ಲಿ ಇನ್ನೊಂದು ಸ್ವಾರಸ್ಯವಿದೆ. ನೀರಿನಲ್ಲಿ ಉಪ್ಪಿನ ರುಚಿ ಮನುಷ್ಯನ ನಾಲಿಗೆಗೆ ತಿಳಿಯಲಾರಂಭಿಸುವುದು ಲೀಟರಿಗೆ 200ರಿಂದ 300 ಮಿಲಿಗ್ರಾಂ ಕ್ಲೋರೈಡ್ ಇರುವಾಗ. ಮಾನಕದ ಮಿತಿಯೂ ಅದೇ ಆಸುಪಾಸಿನಲ್ಲಿದೆ. ಅಂದರೆ, “ಈ ನೀರು ಸ್ವಲ್ಪ ಸವುಳಾಗಿದೆ ಮಗಾ” ಎಂದು ಹೇಳುವ ಅಜ್ಜಿಯ ನಾಲಿಗೆ ಮತ್ತು ಪ್ರಯೋಗಾಲಯದ ಬ್ಯೂರೆಟ್ಟು ಒಂದೇ ಸಾಕ್ಷ್ಯ ನುಡಿಯುತ್ತಿವೆ. ಐವತ್ತು ವರ್ಷಗಳಿಂದ ಆ ಬಾವಿಯ ನೀರು ಸೇದಿದವರು ಅವರು. ಯಾವ ವರ್ಷ ಯಾವ ತಿಂಗಳು ನೀರು ಕೆಟ್ಟಿತು, ಹೊಳೆಗೆ ಕಿಂಡಿ ಅಣೆಕಟ್ಟು ಬಂದ ಮೇಲೆ ಏನಾಯಿತು, ಪಕ್ಕದವರು ಪಂಪು ಹಾಕಿದ ಮೇಲೆ ಏನಾಯಿತು ಎಂಬುದೆಲ್ಲ ಅವರ ನೆನಪಿನಲ್ಲಿದೆ. ನೀರಿನ ಪರೀಕ್ಷೆ ವಿಜ್ಞಾನದ ವಿದ್ಯಾರ್ಥಿಯ ಕೆಲಸವಾದರೆ, ಅಜ್ಜಿಯನ್ನು ಕುಳ್ಳಿರಿಸಿ ಕೇಳಿ ಬರೆದುಕೊಳ್ಳುವುದು ಕಲಾ ವಿಭಾಗದ ವಿದ್ಯಾರ್ಥಿಯ ಕೆಲಸ. ಎರಡೂ ಸೇರಿದರೆ ಮಾತ್ರ ಆ ಬಾವಿಯ ಚರಿತ್ರೆ ಪೂರ್ಣವಾಗುತ್ತದೆ.

ನಾವು ಕಲೆ ಮತ್ತು ವಿಜ್ಞಾನದ ನಡುವೆ ಗೋಡೆ ಕಟ್ಟಿದ್ದೇವೆ. ಜಾಣ ಮಕ್ಕಳು ಸೈನ್ಸಿಗೆ, ಉಳಿದವರು ಕಾಮರ್ಸಿಗೆ, ಏನೂ ಸಿಗದವರು ಆರ್ಟ್ಸಿಗೆ ಎಂಬ ವರ್ಗೀಕರಣ ನಮ್ಮ ಮನೆಗಳಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನವೇ ನಡೆಯುತ್ತದೆ. ಆದರೆ ಈ ಊರಿನಲ್ಲಿ 1963ರಲ್ಲಿ ಆರಂಭವಾದ ಕಾಲೇಜಿನ ಹೆಸರನ್ನು ಗಮನಿಸಿ. ಭಂಡಾರ್ಕಾರ್ಸ್ ಕಲಾ ಮತ್ತು ವಿಜ್ಞಾನ ಕಾಲೇಜು. ಕಟ್ಟಿದವರು ಎರಡನ್ನೂ ಒಂದೇ ಫಲಕದ ಮೇಲೆ ಬರೆದರು. ಆ ಕಾಲೇಜಿನಿಂದ ವಾಣಿಜ್ಯ ಪದವಿ ಪಡೆದ ಕುಂದಾಪುರದ ಹೆಣ್ಣುಮಗಳೊಬ್ಬರು, ಅಡುಗೆಮನೆಯ ಮಾತನ್ನೂ ಹೆಂಗಸರ ಮೌನವನ್ನೂ ಕುಂದಗನ್ನಡದ ಧಾಟಿಯಲ್ಲಿ ಕತೆಯಾಗಿಸಿದರು. ಅವರೇ ವೈದೇಹಿ. ‘ಕ್ರೌಂಚ ಪಕ್ಷಿಗಳು’ ಕಥಾಸಂಕಲನಕ್ಕೆ 2009ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಬಿ.ಕಾಂ. ಓದಿದವರು ಕತೆ ಬರೆಯಬಾರದು ಎಂದು ಅವರಿಗೆ ಯಾರೂ ಹೇಳಲಿಲ್ಲ, ಅಥವಾ ಹೇಳಿದ್ದರೂ ಅವರು ಕೇಳಲಿಲ್ಲ.

ಇದೇ ಬ್ರಹ್ಮಾವರ ತಾಲೂಕಿನ ಕೋಟದಲ್ಲಿ 1902ರಲ್ಲಿ ಹುಟ್ಟಿದ ಶಿವರಾಮ ಕಾರಂತರು ಸ್ವಾತಂತ್ರ್ಯ ಹೋರಾಟದ ಕರೆಗೆ ಓಗೊಟ್ಟು ಕಾಲೇಜನ್ನು ಅರ್ಧಕ್ಕೇ ಬಿಟ್ಟವರು. ಅವರು ಕಾದಂಬರಿಯನ್ನೂ ಬರೆದರು, ‘ವಿಜ್ಞಾನ ಪ್ರಪಂಚ’ ಎಂಬ ನಾಲ್ಕು ಸಂಪುಟಗಳನ್ನೂ ಬರೆದರು. ಯಕ್ಷಗಾನವನ್ನು ಹಾಡಿ ಕುಣಿಯುವ ಕಲೆಯೆಂದು ಮಾತ್ರ ನೋಡದೆ, ತಾಳ, ರಾಗ, ವೇಷ, ಹಳೆಯ ಪ್ರಸಂಗಗಳನ್ನು ಊರೂರು ಅಲೆದು ಸಂಗ್ರಹಿಸಿ ಶೋಧಿಸಿದರು. 1959ರಲ್ಲಿ ಅವರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಕಾದಂಬರಿಗಲ್ಲ, ‘ಯಕ್ಷಗಾನ ಬಯಲಾಟ’ ಎಂಬ ಆ ಸಂಶೋಧನಾ ಗ್ರಂಥಕ್ಕೆ. ಕಲೆಯ ಬಗ್ಗೆ ವಿಜ್ಞಾನಿಯ ಶಿಸ್ತಿನಿಂದ ಕೆಲಸ ಮಾಡಬಹುದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕೇ?

ನಮ್ಮ ಸಭೆಗಳಲ್ಲಿ ಇಬ್ನುಲ್ ಹೈಸಮ್ ಮತ್ತು ಉಮರ್ ಖಯ್ಯಾಮ್ ಅವರ ಹೆಸರು ಹೇಳಿ ಚಪ್ಪಾಳೆ ಗಿಟ್ಟಿಸುವುದು ಸುಲಭ. ಒಬ್ಬರು ಬೆಳಕಿನ ಬಗ್ಗೆ ಗ್ರಂಥ ಬರೆದರು. ಇನ್ನೊಬ್ಬರು ಘನ ಸಮೀಕರಣಗಳನ್ನು ರೇಖಾಗಣಿತದಿಂದ ಬಿಡಿಸಿದರು, ರುಬಾಯಿಗಳ ಕವಿಯೆಂದೂ ಪ್ರಸಿದ್ಧರಾದರು. ನಿಜ. ಆದರೆ ಇಬ್ನುಲ್ ಹೈಸಮ್ ಅವರು ಟಾಲೆಮಿಯಂತಹ ಮಹಾ ಪಂಡಿತನ ಮೇಲೆಯೇ ‘ಸಂಶಯಗಳು’ ಎಂಬ ಗ್ರಂಥ ಬರೆದವರು. ಅವರ ಹೆಸರು ಹೇಳುವ ನಾವು, ನಮ್ಮ ಮಗಳು ಒಂದು ಸಂಶಯ ಕೇಳಿದರೆ ಏನು ಮಾಡುತ್ತೇವೆ? “ಸಿಲೆಬಸ್ಸಿನಲ್ಲಿ ಇದೆಯಾ? ಇಲ್ಲದಿದ್ದರೆ ಬಿಡು” ಎನ್ನುತ್ತೇವೆ. ಪೂರ್ವಜರ ಹೆಸರಿನಿಂದ ಬದುಕುವುದು ಬೇರೆ, ಅವರ ಅಭ್ಯಾಸವನ್ನು ಮುಂದುವರಿಸುವುದು ಬೇರೆ.

ಇತಿಹಾಸ ಓದುವ ವಿದ್ಯಾರ್ಥಿಗಳಿಗೆ ಈ ಮಣ್ಣಿನಲ್ಲಿಯೇ ಒಂದು ಪ್ರಶ್ನೆ ಕಾದು ಕುಳಿತಿದೆ. 1340ರ ದಶಕದಲ್ಲಿ ಈ ಕರಾವಳಿಯಲ್ಲಿ ಸಾಗಿದ ಪ್ರವಾಸಿ ಇಬ್ನ್ ಬತೂತ ಎರಡು ಬಂದರುಗಳನ್ನು ಹೆಸರಿಸುತ್ತಾನೆ. ಒಂದು ಅಬೂ ಸರೂರ್, ಇನ್ನೊಂದು ಫಾಕನೂರ್. ಮೊದಲನೆಯದು ಕುಂದಾಪುರದ ಬಳಿಯ ಬಸ್ರೂರು, ಎರಡನೆಯದು ಬ್ರಹ್ಮಾವರದ ಬಳಿಯ ಬಾರಕೂರು ಎಂದು ವಿದ್ವಾಂಸರು ಗುರುತಿಸಿದ್ದಾರೆ. ಬಾರಕೂರಿನ ಕಬ್ಬನ್ನು ಆತ ಹೊಗಳುತ್ತಾನೆ, ಅಲ್ಲಿನ ಮುಸ್ಲಿಮ್ ಸಮುದಾಯವನ್ನೂ ಉಲ್ಲೇಖಿಸುತ್ತಾನೆ. ಎರಡೂ ಊರುಗಳ ನಡುವೆ ಎರಡು ದಿನಗಳ ಪ್ರಯಾಣ ಎನ್ನುತ್ತಾನೆ. ಇಂದು ಬಸ್ಸಿನಲ್ಲಿ ಅದು ಹೆಚ್ಚೆಂದರೆ ಒಂದು ಗಂಟೆಯ ದಾರಿ. ಆಗ ಎರಡು ದಿನ ಏಕೆ ಬೇಕಾಯಿತು? ಗಾಳಿ ಪ್ರತಿಕೂಲವಾಗಿತ್ತೇ? ಅಳಿವೆಯೊಳಗೆ ಹೋಗಲು ಉಬ್ಬರಕ್ಕಾಗಿ ಕಾಯಬೇಕಿತ್ತೇ? ಅಥವಾ ಆತನ ನೆನಪು ತಪ್ಪಿತೇ? ಏಕೆಂದರೆ ಆತ ತನ್ನ ಪ್ರವಾಸವನ್ನು ಊರಿಗೆ ಮರಳಿದ ಮೇಲೆ ಬಾಯಿಂದ ಹೇಳಿ ಇಬ್ನ್ ಜುಝೈ ಎಂಬ ವಿದ್ವಾಂಸನಿಂದ ಬರೆಯಿಸಿದ. ಇದನ್ನು ಶೋಧಿಸಲು ಇತಿಹಾಸದ ವಿದ್ಯಾರ್ಥಿಗೆ ಭೂಗೋಳ ಬೇಕು, ಹಾಯಿದೋಣಿಯ ಗಾಳಿಯ ಜ್ಞಾನ ಬೇಕು, ಗಂಗೊಳ್ಳಿಯ ಹಿರಿಯ ಮೀನುಗಾರನ ಮಾತೂ ಬೇಕು.

ಕರಾವಳಿಯ ಶಾಸನಗಳಲ್ಲಿ ‘ಹಂಜಮಾನ’ ಎಂಬ ವರ್ತಕರ ಸಂಘದ ಹೆಸರು ಬರುತ್ತದೆ. ಪರ್ಷಿಯನ್ನಿನ ‘ಅಂಜುಮನ್’ ಶಬ್ದದ ಜೊತೆ ವಿದ್ವಾಂಸರು ಅದನ್ನು ಹೋಲಿಸುತ್ತಾರೆ. ಇಂದಿಗೂ ನಮ್ಮ ಸಂಸ್ಥೆಗಳ ಫಲಕದ ಮೇಲೆ ‘ಅಂಜುಮನ್’ ಎಂದಿರುತ್ತದೆ. ದೇವಸ್ಥಾನದ ಅಂಗಳದ ಕಲ್ಲೊಂದರಲ್ಲಿ ಅದೇ ಶಬ್ದ ಕನ್ನಡ ಅಕ್ಷರದಲ್ಲಿ ಕೆತ್ತಿರಬಹುದು ಎಂಬುದು ಗೊತ್ತಾದರೆ, ನಾವು ಈ ಮಣ್ಣಿಗೆ ಹೊರಗಿನವರೋ ಒಳಗಿನವರೋ ಎಂಬ ವಾದಕ್ಕೆ ಘೋಷಣೆಗಿಂತ ಗಟ್ಟಿಯಾದ ಉತ್ತರ ಸಿಗುತ್ತದೆ. ಆದರೆ ಆ ಕಲ್ಲನ್ನು ಓದಲು ಹಳಗನ್ನಡ ಕಲಿಯಬೇಕು. ಕಲಾ ವಿಭಾಗಕ್ಕೆ ‘ಏನೂ ಸಿಗದವರು’ ಮಾತ್ರ ಹೋಗಬೇಕೆಂದರೆ ಅದನ್ನು ಕಲಿಯುವವರು ಯಾರು?

ಉಪ್ಪಿನಕುದ್ರುವಿನ ಗೊಂಬೆಯಾಟವನ್ನು ನೋಡಿ. ಕೊಗ್ಗ ಕಾಮತರ ಮನೆತನ ತಲೆಮಾರುಗಳಿಂದ ಉಳಿಸಿಕೊಂಡು ಬಂದ ಕಲೆ ಅದು. ಬಡಗುತಿಟ್ಟಿನ ವೇಷ ತೊಟ್ಟ ಮರದ ಗೊಂಬೆ ದಾರದ ಎಳೆತಕ್ಕೆ ಹೆಜ್ಜೆ ಹಾಕುತ್ತದೆ. ಯಾವ ಕೀಲಿಗೆ ದಾರ ಕಟ್ಟಿದರೆ ಮೊಣಕಾಲು ಮಡಚುತ್ತದೆ, ಭಾರ ಎಲ್ಲಿದ್ದರೆ ಗೊಂಬೆ ಮುಗ್ಗರಿಸುವುದಿಲ್ಲ ಎಂಬುದು ಭೌತಶಾಸ್ತ್ರ. ಆ ಹೆಜ್ಜೆ ನೋಡುವವನ ಕಣ್ಣಿಗೆ ಕೋಪದ ಹೆಜ್ಜೆಯೋ ದುಃಖದ ಹೆಜ್ಜೆಯೋ ಎಂಬುದು ಕಲೆ. ಇಬ್ಬರು ವಿದ್ಯಾರ್ಥಿಗಳು ಒಟ್ಟಾಗಿ ಒಂದು ಸೆಮಿಸ್ಟರ್ ಅಲ್ಲಿ ಕುಳಿತು ನೋಡಿ, ಚಿತ್ರ ಬರೆದು, ಅಳತೆ ತೆಗೆದರೆ ಅದಕ್ಕಿಂತ ಒಳ್ಳೆಯ ಪ್ರಾಜೆಕ್ಟ್ ಬೇರೆ ಯಾವುದಿದೆ?

ಇನ್ನು ನಮ್ಮ ಮನೆಯೊಳಗಿನ ಸಂಪತ್ತು. ಶಿರೂರು, ಗಂಗೊಳ್ಳಿಯ ಕಡೆ ನವಾಯತಿ, ದಾಲ್ದಿ ಮಾತು. ಕೋಡಿಯ ಕಡೆ ಬ್ಯಾರಿ. ಕೆಲವು ಮನೆಗಳಲ್ಲಿ ಉರ್ದು. ಬಾಗಿಲು ದಾಟಿದರೆ ಎಲ್ಲರಿಗೂ ಕುಂದಗನ್ನಡ. ದೋಣಿಯ ಭಾಗಗಳಿಗೆ, ಬಲೆಯ ಬಗೆಗಳಿಗೆ, ಗಾಳಿಯ ದಿಕ್ಕಿಗೆ, ಮೀನಿನ ಮರಿಗೂ ಬೆಳೆದ ಮೀನಿಗೂ ಇರುವ ಬೇರೆ ಬೇರೆ ಹೆಸರುಗಳನ್ನು ಬಲ್ಲ ಹಿರಿಯರು ಇಂದು ಎಷ್ಟು ಮಂದಿ ಉಳಿದಿದ್ದಾರೆ? ಮದುವೆಯ ಹಾಡು ಹೇಳುವ ಅಜ್ಜಿಯರೆಷ್ಟು? ಅವರ ಜನಾಝ ಎತ್ತುವ ದಿನ ಒಂದು ಶಬ್ದಕೋಶವನ್ನೇ ನಾವು ಹೊತ್ತುಕೊಂಡು ಹೋಗುತ್ತಿದ್ದೇವೆ. ಪದವಿ ಓದುವ ಮೊಮ್ಮಗಳ ಕೈಯಲ್ಲಿ ಮೊಬೈಲ್ ಇದೆ. ಅನುಮತಿ ಕೇಳಿ, ದಿನಾಂಕ ಹೇಳಿ, ಒಂದು ಗಂಟೆ ಧ್ವನಿ ಮುದ್ರಿಸಿಕೊಂಡರೆ ಸಾಕು. ಅದು ಭಾಷಾ ಸಂಶೋಧನೆಯ ಮೊದಲ ಪುಟ. ಆಕೆಗೆ ಬರೆಯುವ ಮನಸ್ಸಿದ್ದರೆ ಅದುವೇ ಕತೆಯ ಮೊದಲ ಪುಟವೂ ಆಗಬಹುದು. ಹಾಸನದ ಬಾನು ಮುಷ್ತಾಕ್ ಅವರ ಕತೆಗಳ ಅನುವಾದಕ್ಕೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಆ ಕತೆಗಳು ನಮ್ಮಂತಹ ಮನೆಗಳ ಹೆಣ್ಣುಮಕ್ಕಳ ಕತೆಗಳು. ನಾವು ನೋಡಿಯೂ ಬರೆಯದೆ ಬಿಟ್ಟದ್ದನ್ನು ಅವರು ಬರೆದರು.

ಈಗ ಸರಕಾರದ ಮಾತು. 2021-22ರಲ್ಲಿ ಕರ್ನಾಟಕವು ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷದ ಪದವಿಯನ್ನು ತಂದಿತು. ನಾಲ್ಕನೆಯ ವರ್ಷದಲ್ಲಿ ಸಂಶೋಧನೆಗೆ ಸ್ಥಾನವಿತ್ತು. ಸಿದ್ಧತೆ ಇತ್ತೇ? ಅಧ್ಯಾಪಕರು, ಪ್ರಯೋಗಾಲಯ, ಗ್ರಂಥಾಲಯ ಇದ್ದವೇ? ಸಣ್ಣ ಊರಿನ ಕಾಲೇಜುಗಳನ್ನು ಕಂಡವರಿಗೆ ಉತ್ತರ ಗೊತ್ತು. 2024ರಲ್ಲಿ ಹೊಸ ಸರಕಾರ ಅದನ್ನು ಕೈಬಿಟ್ಟು ಮೂರು ವರ್ಷದ ಪದವಿಗೆ ಮರಳಿತು. ಬಡ ಮಕ್ಕಳಿಗೆ ಇನ್ನೊಂದು ವರ್ಷದ ಹೊರೆ ಬೇಡ ಎಂಬ ವಾದದಲ್ಲಿ ಹುರುಳಿದೆ. ಆದರೆ ನಾಲ್ಕನೆಯ ವರ್ಷದ ಜೊತೆ ಸಂಶೋಧನೆಯ ಆಸೆಯನ್ನೂ ಗುಡಿಸಿ ಹೊರಗೆ ಹಾಕಿದರೆ ಅದು ನ್ಯಾಯವಲ್ಲ. ಮೂರು ವರ್ಷದೊಳಗೆಯೇ ಪ್ರತಿಯೊಬ್ಬ ವಿದ್ಯಾರ್ಥಿಗೂ ಒಂದು ಸ್ವಂತ ಪ್ರಶ್ನೆಗೆ ಸಮಯ ಮತ್ತು ಮಾರ್ಗದರ್ಶನ ಇರಬೇಕೆಂದು ನಾವು ಕೇಳಬೇಕು. ಕಾಲೇಜಿನ ಪೋಷಕರ ಸಭೆಗಳಲ್ಲಿ ಶುಲ್ಕ ಮತ್ತು ಹಾಜರಿಯ ವಿಚಾರ ಮಾತ್ರ ಎತ್ತುವ ನಾವು ಇದನ್ನೂ ಎತ್ತಬೇಕು.

2006ರ ಸಾಚಾರ್ ಸಮಿತಿಯ ವರದಿಯಲ್ಲಿ ಒಂದು ಅಂಕೆ ಇದೆ. ಪ್ರತಿಷ್ಠಿತ ಕಾಲೇಜುಗಳಲ್ಲಿ ಪದವಿ ಓದುವ 25 ಮಂದಿಯಲ್ಲಿ ಒಬ್ಬರು ಮುಸ್ಲಿಮ್, ಸ್ನಾತಕೋತ್ತರದಲ್ಲಿ 50 ಮಂದಿಗೆ ಒಬ್ಬರು. ಒಂದು ಮೆಟ್ಟಿಲು ಏರುವಷ್ಟರಲ್ಲಿ ಪಾಲು ಅರ್ಧಕ್ಕೆ ಇಳಿದಿತ್ತು. ಪಿಎಚ್.ಡಿ. ಮಟ್ಟದ ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗೆ ನೆರವಾಗುತ್ತಿದ್ದ ಮೌಲಾನಾ ಆಝಾದ್ ಫೆಲೋಶಿಪ್ಪನ್ನು ಕೇಂದ್ರ ಸರಕಾರ 2022-23ರಿಂದ ನಿಲ್ಲಿಸಿತು. ಅದನ್ನು ಪ್ರತಿಭಟಿಸುವುದು ಸರಿ. ಅದರ ಜೊತೆಗೆ, ಮೆಟ್ಟಿಲ ಬುಡದಲ್ಲಿರುವ ಪದವಿ ವಿದ್ಯಾರ್ಥಿಗೆ ಸಂಶೋಧನೆಯ ರುಚಿ ಹತ್ತಿಸದಿದ್ದರೆ ಮೇಲಿನ ಮೆಟ್ಟಿಲಿಗೆ ಯಾರು ಹೋಗುತ್ತಾರೆ ಎಂಬುದನ್ನೂ ಯೋಚಿಸಬೇಕು.

2022ರ ಫೆಬ್ರವರಿಯಲ್ಲಿ ಇದೇ ಕುಂದಾಪುರದಲ್ಲಿ ಶಿರವಸ್ತ್ರ ಧರಿಸಿದ ವಿದ್ಯಾರ್ಥಿನಿಯರು ಕಾಲೇಜಿನ ಮುಚ್ಚಿದ ಗೇಟಿನ ಹೊರಗೆ ನಿಂತದ್ದನ್ನು ದೇಶವೇ ನೋಡಿತು. ಆ ನೋವನ್ನು ನಾನು ಹಗುರ ಮಾಡುವುದಿಲ್ಲ. “ಮನೆಯಲ್ಲೇ ಕುಳಿತು ಸಂಶೋಧನೆ ಮಾಡಿ” ಎಂದು ಸಮಾಧಾನ ಹೇಳುವುದೂ ಇಲ್ಲ, ಕಾಲೇಜು ಅವರ ಹಕ್ಕು. ಆದರೆ ಆ ದಿನ ಗೇಟಿನ ಬಳಿ ಮಕ್ಕಳು ಓದಬೇಕೆಂದು ಹಂಬಲಿಸಿ ನಿಂತರಲ್ಲ, ಆ ಹಂಬಲಕ್ಕೆ ನಮ್ಮ ಮನೆಯ ಬಾಗಿಲು ಎಷ್ಟು ತೆರೆದಿದೆ ಎಂದು ನಮ್ಮನ್ನು ನಾವೇ ಕೇಳಿಕೊಳ್ಳಬೇಕಾಗಿದೆ. ನನ್ನ ವಿದ್ಯಾರ್ಥಿನಿಯ ಮೂರು ಕಾಲಮುಗಳು ಖಾಲಿ ಉಳಿದದ್ದು ಯಾವ ಸರಕಾರದ ಆದೇಶದಿಂದಲೂ ಅಲ್ಲ.

ಹಾಗಾದರೆ ಮಾಡಬೇಕಾದುದೇನು? ಕೆಲವೇ ಮಾತು ಹೇಳುತ್ತೇನೆ.

ಹೆತ್ತವರೇ, ನಿಮ್ಮ ಮಗ ಅಥವಾ ಮಗಳಲ್ಲಿ ಎಷ್ಟು ಅಂಕ ಬಂತು ಎಂದು ಕೇಳುವುದರ ಜೊತೆಗೆ, ಈ ವರ್ಷ ನಿನ್ನ ಪ್ರಶ್ನೆ ಏನು ಎಂದೂ ಕೇಳಿ. ಅದಕ್ಕಾಗಿ ಬಸ್ರೂರಿಗೋ ಬಾರಕೂರಿಗೋ ಹೋಗಿಬರಬೇಕಾದರೆ, ಮಗನಿಗೆ ಕೊಡುವ ಬಸ್ ಚಾರ್ಜನ್ನು ಮಗಳಿಗೂ ಕೊಡಿ. ಆಕೆಯ ಸುರಕ್ಷೆಯ ಚಿಂತೆ ಇದ್ದರೆ ತಂದೆಯೋ ತಮ್ಮನೋ ಜೊತೆಗೆ ಹೋಗಲಿ. ತಡೆಯುವುದಕ್ಕಿಂತ ಜೊತೆಗೆ ಹೋಗುವುದು ಉತ್ತಮ. ಮದುವೆ ಗೊತ್ತಾದರೆ ವರನ ಮನೆಯವರೊಡನೆ, ಮೇ ತಿಂಗಳವರೆಗೆ ಆಕೆಗೆ ಒಂದು ಕೆಲಸ ಮುಗಿಸಲಿಕ್ಕಿದೆ ಎಂದು ಹೇಳಿ. ಒಳ್ಳೆಯ ಮನೆತನ ಅದನ್ನು ಗೌರವಿಸುತ್ತದೆ.

ಜಮಾಅತ್ತಿನ ಹಿರಿಯರೇ, ಪ್ರತೀ ವರ್ಷ ನಾವು ಪ್ರತಿಭಾ ಪುರಸ್ಕಾರ ನಡೆಸುತ್ತೇವೆ. ಶೇ. 95 ಬಂದವರಿಗೆ ಶಾಲು, ಸ್ಮರಣಿಕೆ, ಫೋಟೋ. ತಪ್ಪಲ್ಲ. ಆದರೆ ಅದೇ ವೇದಿಕೆಯಲ್ಲಿ, ಶೇ. 60 ಬಂದಿದ್ದರೂ ತನ್ನ ಊರಿನ ಬಗ್ಗೆ ಸ್ವಂತವಾಗಿ ಏನನ್ನಾದರೂ ಕಂಡುಹಿಡಿದ ಅಥವಾ ಬರೆದ ಒಬ್ಬ ವಿದ್ಯಾರ್ಥಿಗೆ ಹತ್ತು ನಿಮಿಷ ಮಾತನಾಡಲು ಬಿಡಿ. ಶಾಲಿನ ಹಣದಲ್ಲಿ ಆತನ ರಾಸಾಯನಿಕದ, ಜೆರಾಕ್ಸಿನ, ಪ್ರಯಾಣದ ಖರ್ಚು ಭರಿಸಿ.

ಅಧ್ಯಾಪಕ ಮಿತ್ರರೇ, ಕೊಂಡು ತಂದ ವರದಿಗೆ ಸಹಿ ಹಾಕಬೇಡಿ. ಹತ್ತು ಪುಟವಾದರೂ ಸಾಕು, ತಪ್ಪುಗಳಿದ್ದರೂ ಸರಿ, ವಿದ್ಯಾರ್ಥಿಯದ್ದೇ ಆಗಿರಲಿ. ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ. ಒಬ್ಬ ವಿದ್ಯಾರ್ಥಿನಿ ನಡುವೆ ನಿಂತುಹೋದರೆ ಆಕೆಯ ಮನೆಯವರೆಗೆ ಹೋಗಿ ಬನ್ನಿ.

ವಿದ್ಯಾರ್ಥಿಗಳೇ, ಬಾಟಲಿಯನ್ನು ಅದೇ ಬಾವಿಯ ನೀರಿನಿಂದ ಮೂರು ಸಲ ತೊಳೆದು ತುಂಬಿಸಿ. ದಿನಾಂಕ ಬರೆಯಿರಿ. ಯಾರ ಮಾತು ಬರೆದುಕೊಳ್ಳುತ್ತೀರೋ ಅವರ ಒಪ್ಪಿಗೆ ಪಡೆಯಿರಿ, ಬರೆದದ್ದನ್ನು ಅವರಿಗೆ ಓದಿ ಹೇಳಿ. ಅಂಕೆ ನಿಮ್ಮ ನಿರೀಕ್ಷೆಗೆ ವಿರುದ್ಧವಾಗಿ ಬಂದರೆ ಅಳಿಸಬೇಡಿ, ಅಲ್ಲಿಯೇ ಹೊಸದೊಂದು ಅಡಗಿರಬಹುದು. ಫಲಿತಾಂಶ ಸಿಗದಿದ್ದರೆ ‘ಸಿಗಲಿಲ್ಲ’ ಎಂದೇ ಬರೆಯಿರಿ. ಅದು ಸೋಲಲ್ಲ.

ಆ ಹೆಣ್ಣುಮಗಳು ಈಗ ಎರಡು ಮಕ್ಕಳ ತಾಯಿ. ಕೆಲವು ಸಮಯದ ಹಿಂದೆ ಪೇಟೆಯಲ್ಲಿ ಸಿಕ್ಕಿದಳು. ನಾನು ಸಂಕೋಚದಿಂದಲೇ ಆ ಪುಸ್ತಕದ ಮಾತೆತ್ತಿದೆ. ಆಕೆ ನಕ್ಕು, “ಸರ್, ಅದು ಈಗಲೂ ನನ್ನ ಬಳಿ ಇದೆ. ಮಗಳು ಒಂಬತ್ತನೇ ತರಗತಿ. ಅವಳಿಗೆ ಕೊಟ್ಟಿದ್ದೇನೆ” ಎಂದಳು. ಆ ಪುಸ್ತಕ ನನ್ನಿಂದ ತಪ್ಪಿಹೋಗಿದ್ದರೂ ಆಕೆಯಿಂದ ತಪ್ಪಿಹೋಗಿರಲಿಲ್ಲ. ಬಾವಿಯೂ ಅಲ್ಲಿಯೇ ಇದೆ, ಪ್ರಶ್ನೆಯೂ ಹಾಗೆಯೇ ಇದೆ. ಇನ್ನು ಮಾರ್ಚ್ ತಿಂಗಳು ಬಂದಾಗ ಆ ಹುಡುಗಿ ಬಾಟಲಿ ಹಿಡಿದು ನಿಮ್ಮ ಮನೆಯಂಗಳಕ್ಕೆ ಬಂದರೆ, ದಯವಿಟ್ಟು ಒಂದು ಕೊಡ ನೀರು ಸೇದಿಕೊಡಿ.

ಇಷ್ಟು ಹೇಳಿ ನನ್ನ ಮಾತು ಮುಗಿಸುತ್ತೇನೆ.